ಭಾವ, ಮೊದಲ ಥ್ಯಾಂಕ್ಸ್ ನಿಮಗೆ

ಸ್ಕ್ರೀನ್ ಮೇಲೆ ಕಿಟಕಿ, ಮೌಸ್ ಎಲ್ಲ ತೋರಿಸೋ ಎಕ್ಸ್ ವಿಂಡೋ ಸಿಸ್ಟಮ್, ನಮ್ಮ ಬಾಯಲ್ಲಿ ಬರೀ ಎಕ್ಸ್, ಕೊನೆಗೂ ನಾವೇ ಬರೀತಿರೋ ಓಎಸ್ ಮೇಲೆ ಎದ್ದು ನಿಂತಿದೆ. ಶನಿವಾರ ಸಂಜೆ ಆ ಹಳೇ ಕಪ್ಪು-ಬಿಳಿ ಚುಕ್ಕಿ ಹಿನ್ನೆಲೆ ಬಂತು, ನಡುವೆ ಎಕ್ಸ್ ಆಕಾರದ ಕರ್ಸರ್, ಆಮೇಲೆ ಕಮಾಂಡ್ ಟೈಪ್ ಮಾಡೋ ಎಕ್ಸ್‌ಟರ್ಮ್, ಕರ್ಸರನ್ನೇ ನೋಡೋ ಎರಡು ಕಣ್ಣಿನ ಎಕ್ಸ್‌ಐಸ್. ಮಗಳು ಮೌಸ್ ಹಿಡ್ಕೊಂಡು ಕೂತವಳು ಅರ್ಧ ಗಂಟೆ ಏಳಲಿಲ್ಲ, ಅವಳು ಕೈ ಆಡಿಸಿದ ಕಡೆಗೆಲ್ಲ ಆ ಎರಡು ಕಣ್ಣು ತಿರುಗ್ತಿತ್ತು, ನಾನೂ ಹಿಂದೆ ನಿಂತು ನೋಡ್ತಾನೇ ಇದ್ದೆ. ಇದಕ್ಕೆ ಎರಡು ವರ್ಷ ಹಿಡೀತು, ಆ ಕಥೆ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಹೇಳಲ್ಲ.

1984ರಲ್ಲಿ ಎಂಐಟಿಯಲ್ಲಿ ಎಕ್ಸ್ ಶುರು ಮಾಡಿದ ಬಾಬ್ ಶೈಫ್ಲರ್ ಮತ್ತೆ ಅವರ ಜೊತೆಯವರು ಸರ್ವರ್ (ಸ್ಕ್ರೀನು, ಮೌಸ್ ನೋಡ್ಕೊಳ್ಳೋ ಪ್ರೋಗ್ರಾಂ) ಒಳಗೆ ಹಾರ್ಡ್‌ವೇರ್ ಮುಟ್ಟೋ ಭಾಗ ಬೇರೆ, ಮುಟ್ಟದ ಭಾಗ ಬೇರೆ ಅಂತ ಇಟ್ಟಿದ್ದಕ್ಕೇ ನಮ್ಮಂಥ ನಾಲ್ಕು ಜನಕ್ಕೆ ಈ ಕೆಲಸ ಕೈಗೆಟುಕಿದ್ದು. ಅವರಿಗೆ, ಯಾರ ಕೋಡ್ ಓದಿ ಫ್ರೇಮ್‌ಬಫರ್ (ಸ್ಕ್ರೀನಿನ ಚಿತ್ರ ಇರೋ ಮೆಮೊರಿ) ಕಡೆ ಅರ್ಥ ಆಯ್ತೋ ಆ ಕೆಡ್ರೈವ್ ಅನ್ನೋ ಪುಟ್ಟ ಎಕ್ಸ್ ಸರ್ವರ್‌ನ ಕೀತ್ ಪ್ಯಾಕರ್ಡ್‌ಗೆ, ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡೋ ಸಾಕೆಟ್ಟು, ಸ್ಕ್ರೀನ್ ಮೆಮೊರಿಯನ್ನ ಪ್ರೋಗ್ರಾಂ ಕೈಗೆ ಕೊಡೋ ಎಂಮ್ಯಾಪು ಬರೆದುಕೊಟ್ಟ ಟೀಮಿನ ಮೂವರಿಗೆ, ಮನೆಯವಳಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಭಾವ.

ಕುಕಿ (ಸರ್ವರ್‌ಗೆ ತೋರಿಸೋ ಗುಟ್ಟಿನ ಕೀಲಿ) ಇಲ್ಲದೆ ಕ್ಲೈಂಟ್, ಅಂದ್ರೆ ಎಕ್ಸ್‌ಟರ್ಮ್ ಥರದ ಪ್ರೋಗ್ರಾಂ, ಸರ್ವರ್‌ಗೆ ಕನೆಕ್ಟ್ ಆಗ್ತಿತ್ತು, ಕುಕಿ ಕೊಟ್ರೆ ಸುಮ್ನೆ ನಿಂತುಬಿಡ್ತಿತ್ತು, ಎರರ್ರೂ ಇಲ್ಲ ಏನೂ ಇಲ್ಲ. ಹಾಗೇ ಮೂರು ವಾರ. ಆಮೇಲೊಂದು ರಾತ್ರಿ ಟೀಮಿಗೆ 'ನಾನು ಬಿಡ್ತಿದೀನಿ' ಅಂತ ಮೆಸೇಜ್ ಟೈಪ್ ಮಾಡಿಟ್ಟಿದ್ದೆ. ಭಾವನಿಗೆ ಹತ್ತೂವರೆಗೆ ಸಾಗರದ ಬಸ್ಸು, ಬ್ಯಾಗು ಆಗಲೇ ಬಾಗಿಲ ಹತ್ರ. ನನ್ನ ಮುಖ ನೋಡಿದ್ರು, ಟಿಕೆಟ್ ಕ್ಯಾನ್ಸಲ್ ಮಾಡಿದ್ರು. ಅವರು ಟೆಲಿಕಾಂ ಟೆಸ್ಟಿಂಗಲ್ಲಿರೋರು. "ನಂಗೆ ನಿನ್ನ ಎಕ್ಸ್ ಗೊತ್ತಿಲ್ಲ ಮಾರಾಯ, ಬೈಟ್ ಎಣಿಸೋಕೆ ಬರುತ್ತೆ, ತೋರ್ಸು" ಅಂದ್ರು.

ಕ್ಯಾಲೆಂಡರ್ ಹಾಳೆ ಹಿಂದೆ ಕ್ಲೈಂಟ್ ಕಳಿಸಿದ ಬೈಟುಗಳನ್ನ ಒಂದೊಂದೇ ಹೆಕ್ಸಲ್ಲಿ (16ರ ಲೆಕ್ಕದ ಅಂಕಿಯಲ್ಲಿ) ಬರ್ಕೊಂಡು ಕೂತ್ರು. ಎರಡೂವರೆ ಹೊತ್ತಿಗೆ '12 00 10 00' ಅನ್ನೋದರ ಕೆಳಗೆ ಗೆರೆ ಎಳೆದು, ಹೆಕ್ಸಿನ ಈ 12 ಅಂದ್ರೆ 18, ಈ 10 ಅಂದ್ರೆ 16 ಅಂದ್ರು. ಎಂಐಟಿ-ಮ್ಯಾಜಿಕ್-ಕುಕಿ-1 (MIT-MAGIC-COOKIE-1) ಅನ್ನೋ ಕುಕಿ ಪದ್ಧತಿಯ ಹೆಸರಿಗೆ 18 ಬೈಟು, ನಾಲ್ಕರ ಲೆಕ್ಕ ತುಂಬಿಸೋಕೆ 2, ಕುಕಿ 16. "ಈ ಕ್ಲೈಂಟ್ ಇನ್ನೂ 36 ಬೈಟು ಕಳಿಸ್ತೀನಿ ಅಂತ ಮಾತು ಕೊಟ್ಟಿದಾನೆ, ಮೊದಲ 12 ಬೈಟಿಗೇ ನಿಂತಿದಾನೆ, ಉಳಿದಿದ್ದು ಎಲ್ಲಿ?" ಉಳಿದಿದ್ದು ನಮ್ಮ ಕರ್ನಲ್ಲಿನ (ಓಎಸ್ ತಿರುಳಿನ) ರೈಟ್‌ವಿ, ಅಂದ್ರೆ ಹಲವು ತುಂಡು ಡೇಟಾನ ಒಂದೇ ಸಲ ಬರೆಯೋ ಫಂಕ್ಷನ್, ಅದರೊಳಗೆ ಸತ್ತಿತ್ತು. ನಡುವೆ ಸೊನ್ನೆ ಉದ್ದದ ಒಂದು ತುಂಡು ಬಂದ ತಕ್ಷಣ ಅದು ಬರೆಯೋದು ನಿಲ್ಲಿಸಿ, ಪೂರ್ತಿ 48 ಕಳಿಸಿದೀನಿ ಅಂತ ಉತ್ತರ ಕೊಡ್ತಿತ್ತು. ಸರ್ವರ್ ಬಾಕಿ ಬೈಟಿಗೆ ಕಾಯ್ತಿದೆ, ಕ್ಲೈಂಟ್ ಉತ್ತರಕ್ಕೆ ಕಾಯ್ತಿದೆ. ಆ ಫಂಕ್ಷನ್ ಬರೆದಿದ್ದು ನಾನೇ.

ಆಗ ಅತ್ತುಬಿಟ್ಟೆ. ನಂಗೆ ಈ ಕೆಲಸ ಬರಲ್ಲ, ಎರಡು ವರ್ಷ ಮನೆಯವರ ಸಮಯ ತಿಂದೆ ಅಂತ ಯಾರಿಗೂ ಹೇಳ್ದೆ ಇಟ್ಕೊಂಡಿದ್ದೆಲ್ಲ ಒಂದೇ ಸಲ ಬಂತು. ಭಾವ ಏನೂ ಕೇಳಲಿಲ್ಲ, ಅಡುಗೆಮನೆಗೆ ಹೋಗಿ ಕಷಾಯ ಕುದಿಸ್ಕೊಂಡು ಬಂದು, "ಕುಡಿ, ಆಮೇಲೆ ಸರಿ ಮಾಡು, ನಾನು ಎಣಿಸ್ತಾ ಇರ್ತೀನಿ" ಅಂದ್ರು. ಬೆಳಗಾಗೋವರೆಗೂ ಎಣಿಸಿದ್ರು.

ಇನ್ನು ಅಕ್ಷರ ಜೋಡಿಸಿ ಕೂರಿಸೋ ಹಾರ್ಫ್‌ಬಜ್ ಲೈಬ್ರರಿ ತರಬೇಕು, ಒತ್ತಕ್ಷರ ಸರಿಯಾಗಿ ಕೂತ ಕನ್ನಡ ಈ ಸ್ಕ್ರೀನ್ ಮೇಲೆ ಕಾಣಬೇಕು. ಭಾವ, ದೀಪಾವಳಿಗೆ ಅಕ್ಕನ್ನ ಕರ್ಕೊಂಡು ಬನ್ನಿ, ಟಿಕೆಟ್ ನಾನು ಮಾಡಿಸ್ತೀನಿ, ವಾಪಸ್ ಹೋಗೋದು ಯಾವತ್ತು ಅಂತ ಆಮೇಲೆ ನೋಡೋಣ.