ಹಿಡಿತ ಮುಗಿದದ್ದು ಯಾವಾಗ?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಡೆಜ್ ಬ್ರಯಂಟ್ ಹಿಡಿದ ಕ್ಯಾಚನ್ನು ರೆಫರಿ ತಳ್ಳಿಹಾಕಿದ್ದು ಸರಿಯೆಂದೂ, 2023ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮಿಚೆಲ್ ಸ್ಟಾರ್ಕ್ ಹಿಡಿದ ಕ್ಯಾಚಿಗೆ ಔಟ್ ಅಲ್ಲವೆಂದು ಬಂದ ತೀರ್ಪೇ ಅದಕ್ಕೆ ಸಾಕ್ಷಿಯೆಂದೂ ವಾದಿಸಿ ಓದುಗರೊಬ್ಬರು ಬರೆದ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಎರಡು ಸಂದರ್ಭಗಳಲ್ಲೂ ಚೆಂಡು ನೆಲಕ್ಕೆ ತಾಗಿದ್ದು ನಿಜ. ಅಷ್ಟು ಮಾತ್ರಕ್ಕೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಸ್ಟಾರ್ಕ್ ವಿಷಯದಲ್ಲಿ ತೀರ್ಪು ಸರಿ. ಬ್ರಯಂಟ್ ವಿಷಯದಲ್ಲಿ ಮೈದಾನದಲ್ಲಿ ಮೊದಲು ಕೊಟ್ಟ ತೀರ್ಪನ್ನು ತಿರುಗಿಸಿದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಆ ಆಟ ನಮ್ಮ ಹಾಸನದ ಕಡೆ ಯಾರೂ ಆಡುವುದಲ್ಲ. ಡಲ್ಲಾಸ್‌ನಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ನಾನೂ ಅದನ್ನು ನೋಡಿ ಕಲಿತವನೇ ಆದ್ದರಿಂದ ಪ್ರಸಂಗವನ್ನು ತುಸು ವಿವರಿಸುತ್ತೇನೆ. 2015ರ ಜನವರಿ 11ರಂದು ಗ್ರೀನ್ ಬೇ ನಗರದ ಲ್ಯಾಂಬೊ ಫೀಲ್ಡ್‌ನಲ್ಲಿ ನಡೆದ ನಾಕೌಟ್ ಪಂದ್ಯದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ 26–21ರಿಂದ ಹಿಂದಿತ್ತು. ಐದು ನಿಮಿಷಕ್ಕಿಂತ ಕಡಿಮೆ ಆಟ ಉಳಿದಿತ್ತು. ಹತ್ತು ಗಜ ಮುನ್ನಡೆಯಲು ತಂಡಕ್ಕೆ ಸಿಗುವ ನಾಲ್ಕು ಅವಕಾಶಗಳಲ್ಲಿ ಅದು ಕೊನೆಯದು, ಬೇಕಾಗಿದ್ದದ್ದು ಎರಡು ಗಜ. ಡಲ್ಲಾಸ್‌ನ ಟೋನಿ ರೋಮೊ ದೂರಕ್ಕೆ ಎಸೆದ ಚೆಂಡನ್ನು ಅದೇ ತಂಡದ ಬ್ರಯಂಟ್ ಎದುರಾಳಿಯ ತಲೆಯ ಮೇಲೆ ಜಿಗಿದು ಹಿಡಿದರು, ನೆಲಕ್ಕೆ ಕಾಲೂರಿದರು, ಚೆಂಡನ್ನು ಎಡಗೈಗೆ ತೆಗೆದುಕೊಂಡು, ದಾಟಿಸಿದರೆ ಅಂಕ ಸಿಗುವ ಗೆರೆಯತ್ತ ಚಾಚುತ್ತಾ ಬಿದ್ದರು. ಚೆಂಡು ನೆಲಕ್ಕೆ ಬಡಿದು ಪುಟಿಯಿತು. ಅದನ್ನು ಮತ್ತೆ ಹಿಡಿದರು. ಅಲ್ಲಿದ್ದ ಅಧಿಕಾರಿ ಕ್ಯಾಚ್ ಎಂದರು. ಎದುರಾಳಿ ಕೋಚ್ ಮೈಕ್ ಮೆಕಾರ್ಥಿ ಪ್ರಶ್ನಿಸಿದ ಮೇಲೆ ರೆಫರಿ ಜೀನ್ ಸ್ಟೆರಟೋರ್ ರಿಪ್ಲೇ ನೋಡಿ ಅದನ್ನು ಅಲ್ಲಗಳೆದರು. ಚೆಂಡು ಪ್ಯಾಕರ್ಸ್ ಪಾಲಾಯಿತು, ಅವರು ಸಮಯ ಮುಗಿಯುವವರೆಗೂ ಅದನ್ನು ಬಿಟ್ಟುಕೊಡಲಿಲ್ಲ.

ಈಗ ಕ್ರಿಕೆಟ್ಟಿಗೆ ಬರೋಣ. ಕ್ರಿಕೆಟ್ ಕಾಯಿದೆಯ 33ನೇ ನಿಯಮದ ಪ್ರಕಾರ, ಚೆಂಡು ಫೀಲ್ಡರ್‌ನ ಮೈಗೆ ಮೊದಲು ತಾಗಿದಾಗ ಕ್ಯಾಚ್ ಹಿಡಿಯುವ ಕ್ರಿಯೆ ಶುರುವಾಗುತ್ತದೆ. ಚೆಂಡಿನ ಮೇಲೂ ತನ್ನ ದೇಹದ ಚಲನೆಯ ಮೇಲೂ ಅವನಿಗೆ ಪೂರ್ಣ ಹಿಡಿತ ಬಂದಾಗ ಮಾತ್ರ ಮುಗಿಯುತ್ತದೆ. ಬೆನ್ ಡಕೆಟ್ ಹೊಡೆದ ಚೆಂಡು ಸ್ಟಾರ್ಕ್ ಕೈಯಲ್ಲಿ ಭದ್ರವಾಗಿಯೇ ಇತ್ತು, ಆದರೆ ಅವರ ಮೈ ಇನ್ನೂ ಹುಲ್ಲಿನ ಮೇಲೆ ಜಾರುತ್ತಿತ್ತು, ಆ ಜಾರುವಿಕೆಯ ನಡುವೆಯೇ ಚೆಂಡು ನೆಲಕ್ಕೆ ಉಜ್ಜಿತು. ನಿಯಮ ಕೇಳುವ ಎರಡನೆಯ ಷರತ್ತು ಈಡೇರಲಿಲ್ಲ. ಜಾರುತ್ತಿರುವ ಮೈಯನ್ನು ಕ್ಯಾಮೆರಾ ನಿಸ್ಸಂಶಯವಾಗಿ ತೋರಿಸಬಲ್ಲದು, ತೋರಿಸಿತು.

ಈ ಮಾತನ್ನು ನಾನು ಪುಸ್ತಕ ನೋಡಿ ಮಾತ್ರ ಹೇಳುತ್ತಿಲ್ಲ. ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ಕಾಲದಲ್ಲಿ ಸಕಲೇಶಪುರದ ಕಡೆ ಕಾಫಿ ತೋಟದ ಅಂಚಿನ ಮೈದಾನವೊಂದರಲ್ಲಿ ಟೆನ್ನಿಸ್ ಬಾಲ್ ಪಂದ್ಯಕ್ಕೆ ಅಂಪೈರ್ ಆಗಿ ನಿಂತಿದ್ದೆ. ಸುಣ್ಣದ ಗೆರೆಯ ಬಳಿ ಹುಡುಗನೊಬ್ಬ ಅದ್ಭುತವಾಗಿ ಹಾರಿ ಚೆಂಡು ಹಿಡಿದು, ಹಿಂದಿನ ರಾತ್ರಿಯ ಮಳೆಗೆ ನೆನೆದಿದ್ದ ಇಳಿಜಾರಿನಲ್ಲಿ ಉರುಳಿದ. ಏಳಲು ಕೈಯೂರಿದಾಗ ಚೆಂಡು ಜಾರಿಹೋಯಿತು. ಅಷ್ಟರಲ್ಲಿ ಅವನ ತಂಡದವರೆಲ್ಲ ಕೇಕೆ ಹಾಕುತ್ತಾ ಓಡಿಬಂದಿದ್ದರು, ನಾನು ಬೆರಳೆತ್ತಿಬಿಟ್ಟೆ. ಬ್ಯಾಟ್ಸ್‌ಮನ್ ಜಗಳವಾಡಲಿಲ್ಲ. ನನ್ನನ್ನು ದಾಟಿ ಹೋಗುವಾಗ, ‘ಸಾರ್, ಅವ್ನು ಇನ್ನೂ ಉರುಳ್ತಾನೇ ಇದ್ದ’ ಎಂದಷ್ಟೇ ಹೇಳಿದ. ಅವನು ಹೇಳಿದ್ದೇ ಸರಿಯಾಗಿತ್ತು.

ಹಾಗಾದರೆ ಬ್ರಯಂಟ್‌ಗೂ ಇದೇ ಅಳತೆ ಏಕಲ್ಲ ಎಂದು ಕೇಳಬಹುದು. ಅಂದಿನ ಅಮೆರಿಕನ್ ನಿಯಮ ಬೇರೆಯ ಬಗೆಯದು. ಚೆಂಡಿನ ಮೇಲೆ ಹಿಡಿತ ಸಾಧಿಸಿ, ಎರಡೂ ಪಾದ ಊರಿ, ಆಟಕ್ಕೆ ಸಹಜವಾದ ಮುಂದಿನ ಕ್ರಿಯೆಯನ್ನು ಮಾಡುವಷ್ಟು ಹೊತ್ತು ಚೆಂಡನ್ನು ಉಳಿಸಿಕೊಂಡರೆ ಕ್ಯಾಚ್ ಮುಗಿದಂತೆ. ಆದರೆ ಹಿಡಿಯುವ ಕ್ರಿಯೆಯಲ್ಲೇ ಆಟಗಾರ ಬೀಳುತ್ತಿದ್ದರೆ ಮಾತ್ರ ನೆಲಕ್ಕೆ ಬಿದ್ದ ಮೇಲೂ ಹಿಡಿತ ತಪ್ಪಬಾರದು. ಆದ್ದರಿಂದ ಇಡೀ ವಿವಾದ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಬ್ರಯಂಟ್ ಹಿಡಿಯುತ್ತಾ ಬಿದ್ದರೋ, ಹಿಡಿದು ಮುಗಿಸಿ ಗೆರೆಯತ್ತ ಚಾಚಲು ಹೋಗಿ ಬಿದ್ದರೋ? ಚೆಂಡು ನೆಲಕ್ಕೆ ಬಡಿದದ್ದನ್ನು ರಿಪ್ಲೇ ಎಷ್ಟು ಸಲ ತೋರಿಸಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೈದಾನದ ತೀರ್ಪನ್ನು ಬದಲಿಸಬೇಕಾದರೆ ನಿರ್ವಿವಾದ ದೃಶ್ಯ ಸಾಕ್ಷ್ಯ ಬೇಕೆಂದು ಆ ಲೀಗಿನ ನಿಯಮವೇ ಹೇಳುತ್ತಿತ್ತು. ನೋಡುವವರೇ ಎರಡು ಪಾಲಾಗುವಂಥ ಸಾಕ್ಷ್ಯವನ್ನು ನಿರ್ವಿವಾದವೆನ್ನುವುದು ಹೇಗೆ?

ಬ್ರಯಂಟ್ ಅಭಿಮಾನಿಗಳ ಒಂದು ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. 2018ರಲ್ಲಿ ತಂಡಗಳ ಮಾಲೀಕರು 32–0 ಮತಗಳಿಂದ ಕ್ಯಾಚ್ ನಿಯಮವನ್ನು ಬದಲಿಸಿ, ಬೀಳುವಾಗಿನ ಆ ಷರತ್ತನ್ನೇ ತೆಗೆದುಹಾಕಿದರು. ಹಾಗಾಗಿ 2015ರಲ್ಲಿ ಅನ್ಯಾಯವಾದದ್ದು ರುಜುವಾತಾಯಿತು ಎನ್ನುತ್ತಾರೆ. ಆಮೇಲೆ ಬಂದ ಕಾಯಿದೆಯಿಂದ ಹಿಂದಿನ ತೀರ್ಪನ್ನು ಅಳೆಯಲಾಗದು. ಅಲ್ಲದೆ ಬ್ರಯಂಟ್ ಪ್ರಸಂಗಕ್ಕೆ ಒಂದು ವಾರದ ಹಿಂದೆ ಡೆಟ್ರಾಯಿಟ್ ವಿರುದ್ಧದ ಪಂದ್ಯದಲ್ಲಿ ಡಲ್ಲಾಸ್ ತಂಡದ ಮೇಲೆ ಹಾಕಿದ್ದ ದಂಡವನ್ನು ಅಧಿಕಾರಿಗಳು ಹಿಂತೆಗೆದುಕೊಂಡಾಗ ಆ ಊರಿನಲ್ಲಿ ನ್ಯಾಯದ ಮಾತು ಇಷ್ಟು ಜೋರಾಗಿ ಕೇಳಿರಲಿಲ್ಲವೆಂದು ಮಗ ನಗುತ್ತಾನೆ.

ಆ ದೃಶ್ಯವನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಹಲವು ಸಲ ನೋಡಿದ್ದೇವೆ. ನಿಧಾನಗತಿಯಲ್ಲಿ ಮೂರು ಹೆಜ್ಜೆ ನಿರಾಳವಾಗಿ ಕಾಣುತ್ತವೆ, ಸಹಜ ವೇಗದಲ್ಲಿ ಅದೇ ಹೆಜ್ಜೆಗಳು ಮುಗ್ಗರಿಸಿದಂತೆ ಕಾಣುತ್ತವೆ. ನಾನು ಹೆಜ್ಜೆ ಎಂದೆ, ಅವನು ಮುಗ್ಗರಿಸಿದ್ದು ಎಂದ. ಊಟಕ್ಕೆ ಕರೆಯುವವರೆಗೂ ಇಬ್ಬರೂ ಮಾತು ಬದಲಿಸಲಿಲ್ಲ. ತಮ್ಮ ಓದುಗರು ದಯವಿಟ್ಟು ಎರಡೂ ವೇಗಗಳಲ್ಲಿ ಅದನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ