ಪೇಪರ್ ಹಾಕುವ ಮೊದಲು ಇದನ್ನು ಓದು

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಜೋರು ಮಾಡಿದ್ದು ಸಾಕು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ವಾಟ್ಸ್ಯಾಪಿನಲ್ಲಿ ಹಾಕಿದರೆ ನೀನು ಮಧ್ಯದಲ್ಲೇ ಉತ್ತರ ಕೊಡುತ್ತೀ, ಆಮೇಲೆ ಮತ್ತೆ ಜಗಳ. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹುಡುಗ ಬೆಳಿಗ್ಗೆ ಮಂಗಳೂರಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದು, ಆಮೇಲೆ ಸಿಟ್ಟು ಮಾಡು.

ಆಸ್ಪತ್ರೆಯ ಐಟಿ ಸಪೋರ್ಟ್ ಕೆಲಸಕ್ಕೆ ರಾಜೀನಾಮೆ ಟೈಪ್ ಮಾಡಿ ಇಟ್ಟಿದ್ದೇನೆ ಎಂದು ನೀನು ಹೇಳಿದೆ. ಕಾರಣ ಎರಡು ಹೇಳಿದೆ. ಬಿಲ್ಲಿಂಗ್ ಕೌಂಟರಿನಲ್ಲಿ ಪ್ರಿಂಟರ್ ನಿಂತಾಗ ಅಷ್ಟು ಜನರ ಎದುರು ನಿನಗೆ ಬೈದರು, ಅದೊಂದು. ನಿನ್ನ ಜೊತೆ ಬಿಸಿಎ ಮಾಡಿದವರು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿದ್ದಾರೆ, ನೀನು ಮಾತ್ರ ಆಸ್ಪತ್ರೆಯ ಮೇಜುಗಳ ಅಡಿಯಲ್ಲಿ ಬಗ್ಗಿ ಕೇಬಲ್ ಹುಡುಕುತ್ತಿದ್ದೀ, ಅದು ಇನ್ನೊಂದು. ಎರಡಕ್ಕೂ ಬರುತ್ತೇನೆ. ಆದರೆ "ಪಪ್ಪಾ, ನಿಮಗೆ ಈ ಕೆಲಸ ಅರ್ಥ ಆಗುವುದಿಲ್ಲ" ಎಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನನಗೆ ಕಂಪ್ಯೂಟರ್ ಗೊತ್ತಿಲ್ಲ, ನಿಜ. ನಾನು ಟೆಲಿಫೋನ್ ಕಂಬ ಹತ್ತಿದವನು. ಆದರೆ 2020ರ ಜನವರಿ 31ಕ್ಕೆ ಬಿಎಸ್‌ಎನ್‌ಎಲ್‌ನಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು ಮನೆಗೆ ಬರುವವರೆಗೆ ನಾನು ಮಾಡಿದ್ದೂ ಇದೇ ಕೆಲಸ ಅಲ್ವಾ? ಯಾರದೋ ಮನೆಯಲ್ಲಿ ಒಂದು ಸಾಧನ ಸುಮ್ಮನೆ ಕೂತುಬಿಡುತ್ತದೆ. ಅದರೊಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಕಂಪ್ಲೇಂಟ್ ಬರೆಸುತ್ತಾರೆ. ನಾವು ಡಾಕೆಟ್ ನಂಬರ್ ಎನ್ನುತ್ತಿದ್ದೆವು, ನೀವು ಟಿಕೆಟ್ ಎನ್ನುತ್ತೀರಿ. ಆಮೇಲೆ ಒಬ್ಬ ಚೀಲ ಹೆಗಲಿಗೆ ಹಾಕಿ ಬರುತ್ತಾನೆ. ಅವನ ಮೇಲೆ ಎಲ್ಲರ ಸಿಟ್ಟೂ ಬೀಳುತ್ತದೆ.

ಕಾಪುವಿನ ಒಳಗಿನ ಆ ಮನೆಯ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮ್ಮ ಕಡೆಯಿಂದ ಎಷ್ಟು ಮಂದಿ ಅಲ್ಲಿದ್ದರು ಎಂದು ಹೇಳಬೇಕಾಗಿಲ್ಲ. ನಾನು ಕೆಲಸಕ್ಕೆ ಹೊಸಬ. ಆಟಿ ತಿಂಗಳ ಮಳೆ. ಗದ್ದೆಯ ಬದುವಿನ ಮೇಲೆ ನಡೆದು ಆ ಮನೆಗೆ ಹೋಗಬೇಕು. ಮಗ ಕುವೈತಿಗೆ ಹೋದ ಮೇಲೆ ಬಂದ ಫೋನ್ ಅದು. ಕಂಪ್ಲೇಂಟ್ ಏನೆಂದರೆ ಫೋನ್ ಡೆಡ್. ನಾನು ಗೇಟು ತೆಗೆದದ್ದೇ ತಡ, ಆ ಅಮ್ಮ ಬೈಯಲು ಶುರು ಮಾಡಿದರು. ನೀವು ಸಂಬಳ ಎಣಿಸುವುದಕ್ಕೆ ಮಾತ್ರ ಇರುವುದು, ಬಡವರ ಮಕ್ಕಳು ಸತ್ತರೂ ನಿಮಗೆ ಗೊತ್ತಾಗುವುದಿಲ್ಲ ಎಂದೆಲ್ಲ. ಅಕ್ಕಪಕ್ಕದವರು ಜಗಲಿಗೆ ಬಂದು ನಿಂತರು. ನನಗೆ ನಿನ್ನಷ್ಟೇ ಪ್ರಾಯ ಆಗ.

ಒಳಗೆ ಹೋಗಿ ನೋಡಿದರೆ ಫೋನಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದೆಸಿದ್ದರು. ರಿಸೀವರ್ ಎತ್ತಿದೆ. ಡಯಲ್ ಟೋನ್ ಇತ್ತು! ಲೈನ್ ಸರಿ ಇತ್ತು. ಆದರೂ ಗೋಡೆಯ ರೋಸೆಟ್ ಡಬ್ಬಿ ಬಿಚ್ಚಿ ನೋಡಿದೆ, ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್ ನೋಡಿದೆ, ಮಳೆಯಲ್ಲೇ ಕಂಬದ ಜಾಯಿಂಟ್ ನೋಡಿ ಬಂದೆ. ಆಮೇಲೆ ಎಕ್ಸ್‌ಚೇಂಜಿಗೆ ಹೇಳಿ ಟೆಸ್ಟ್ ಬೆಲ್ ಮಾಡಿಸಿದೆ. ಈಗ ಬರುವುದು ಟೆಸ್ಟ್ ಬೆಲ್, ಮಗ ಅಲ್ಲ ಎಂದು ಅವರಿಗೆ ಮೊದಲೇ ಹೇಳಿದ್ದೆ. ಆದರೂ ಬೆಲ್ ಹೊಡೆದದ್ದೇ ಒಳಗಿನಿಂದ ಓಡಿ ಬಂದರು. ಕೈಯಲ್ಲಿ ಹಿಟ್ಟು ಇತ್ತು. ಆ ಹಿಟ್ಟಿನ ಕೈಯಲ್ಲೇ ರಿಸೀವರ್ ಎತ್ತಿ ಮಗನ ಹೆಸರು ಹಿಡಿದು ಕರೆದರು.

ಕುವೈತಿನಿಂದ ಹೊರಗೆ ಬರುವ ಲೈನುಗಳೇ ಕಟ್ ಆಗಿದ್ದವು. ಅದನ್ನು ಹೇಳಿದೆ. ಅಮ್ಮಾ, ನಿಮ್ಮ ಫೋನ್ ಸರಿ ಉಂಟು, ತೊಂದರೆ ಆ ಕಡೆ, ಅಲ್ಲಿ ಯಾರಿಗೂ ಫೋನ್ ಮಾಡಲಿಕ್ಕೆ ಆಗುತ್ತಿಲ್ಲ ಎಂದೆ. ಅವರಿಗೆ ಆ ಮಾತಿನಿಂದಲೇ ಸ್ವಲ್ಪ ಸಮಾಧಾನ ಆಯಿತು. ಫೋನ್ ಬರದಿದ್ದರೆ ಮಗ ಇಲ್ಲ ಎಂದೇ ಅವರು ತಿಳಿದಿದ್ದರು ಪುಟ್ಟೀ. ಆಮೇಲೆ ಟವೆಲ್ ಕೊಟ್ಟು ತಲೆ ಒರೆಸಿಕೋ ಎಂದರು.

ಆ ವರ್ಷ ಅಮ್ಮಾನ್ ಮೂಲಕ 1,70,000ದಷ್ಟು ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ಅವರ ಮಗನೂ ಹಾಗೇ ಬಂದ. ಆದರೆ ಅಲ್ಲಿಯವರೆಗೆ ಆ ಮನೆಯಿಂದ ಕಂಪ್ಲೇಂಟ್ ಬರುತ್ತಲೇ ಇತ್ತು. ಲೈನ್ ಸರಿ ಇದೆ ಎಂದು ಗೊತ್ತಿದ್ದೂ ನಾನು ಹೋಗುತ್ತಿದ್ದೆ. ಹೋಗಿ ರಿಸೀವರ್ ಎತ್ತಿ ಅವರ ಕಿವಿಗೆ ಹಿಡಿದು ಟೋನ್ ಕೇಳಿಸಿ ಬರುತ್ತಿದ್ದೆ.

ಈಗ ಬಿಲ್ಲಿಂಗ್ ಕೌಂಟರಿಗೆ ಬರುತ್ತೇನೆ. ನಿನಗೆ ಬೈದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಸರಿಯಲ್ಲ. ಆದರೆ ಆ ಕೌಂಟರಿನ ಎದುರು ಯಾರು ನಿಂತಿದ್ದರು ನೋಡು. ಡಿಸ್ಚಾರ್ಜ್ ಆಗಬೇಕಾದವರು, ಅಡ್ವಾನ್ಸ್ ಕಟ್ಟಿದರೆ ಮಾತ್ರ ಒಳಗೆ ಹೋಗುವವರು, ಹಣ ಹೊಂದಿಸಲಾಗದೆ ಬೆವರುತ್ತಿರುವವರು. ಅವರೆಲ್ಲ ಕೌಂಟರಿನಲ್ಲಿ ಕೂತ ಹೆಂಗಸಿಗೆ ಬೈಯುತ್ತಿದ್ದರು, ಅವಳು ನಿನಗೆ ಬೈದಳು. ಹೆದರಿದವರು ಹೆದರಿಕೆ ಆಗಿದೆ ಎಂದು ಹೇಳುವುದಿಲ್ಲ, ಬೈಯುತ್ತಾರೆ. ಮುಂದಿನ ಸಲ ಹಾಗಾದರೆ ಮೊದಲು ಪ್ರಿಂಟರ್ ನೋಡು, ಪಕ್ಕದ ಕೌಂಟರಿನ ಪ್ರಿಂಟರಿಗೆ ಬಿಲ್ ತಿರುಗಿಸಿ ಕೊಡು, ಎಷ್ಟು ಹೊತ್ತು ಬೇಕು ಎಂದು ಬಾಯಿಬಿಟ್ಟು ಹೇಳು. ಜನ ಕಾಯುತ್ತಾರೆ. ಎಷ್ಟು ಕಾಯಬೇಕು ಎಂದು ಗೊತ್ತಿಲ್ಲದಿದ್ದರೆ ಮಾತ್ರ ಕೂಗುತ್ತಾರೆ. ಎಲ್ಲ ಮುಗಿದ ಮೇಲೆ, ಹೀಗೆ ಕೂಗಿದರು ಎಂದು ನಿನ್ನ ಟೀಮ್ ಲೀಡ್‌ಗೆ ಮೇಲ್ ಹಾಕು. ಅದನ್ನು ನುಂಗಿಕೊಂಡು ಕೂರಬೇಡ.

ಮತ್ತೆ ಒಂದು ಮಾತು. ಲ್ಯಾಬಿನ ಪ್ರಿಂಟರ್ ಪ್ರತಿ ಸೋಮವಾರ ಕೆಡುತ್ತಿತ್ತಲ್ಲ? ನಿನ್ನ ಮೊದಲು ಇದ್ದವರೆಲ್ಲ ಕಂಪ್ಯೂಟರಿನಿಂದ ಪ್ರಿಂಟರ್ ತೆಗೆದು, ಮತ್ತೆ ಹೊಸದಾಗಿ ಸೇರಿಸಿ ಹೋಗುತ್ತಿದ್ದರು. ಟಿಕೆಟ್ ಕ್ಲೋಸ್. ಮುಂದಿನ ಸೋಮವಾರ ಮತ್ತೆ ಅದೇ. ನೀನು ಮಾತ್ರ ಕೂತು ಯೋಚಿಸಿದೆ. ಶನಿವಾರ ಆಫ್ ಮಾಡಿ ಹೋಗುತ್ತಾರೆ, ಸೋಮವಾರ ಆನ್ ಮಾಡಿದಾಗ ನೆಟ್‌ವರ್ಕಿನಲ್ಲಿ ಅಡ್ರೆಸ್ ಹಂಚುವ ಡಿಎಚ್‌ಸಿಪಿ ಅದಕ್ಕೆ ಬೇರೆ ಐಪಿ ಅಡ್ರೆಸ್ ಕೊಡುತ್ತದೆ, ಕಂಪ್ಯೂಟರುಗಳು ಹಳೆಯ ಅಡ್ರೆಸ್ಸಿಗೇ ಕಳಿಸುತ್ತಿರುತ್ತವೆ ಎಂದು ಹಿಡಿದೆ. ಒಂದೇ ಅಡ್ರೆಸ್ ಖಾಯಂ ರಿಸರ್ವ್ ಮಾಡಿಸಿದೆ. ಕಟಪಾಡಿ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ನಾನು ಇದನ್ನು ಹೇಳಿದ್ದೇನೆ. ಅವರಿಗೆ ಅರ್ಥ ಆಯಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಅವತ್ತು ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಅದು ಸಣ್ಣ ಕೆಲಸ ಅಲ್ಲ ಮಗಾ. ನಿಮ್ಮ ಲೀಡ್ ಹೇಳಿದ ಇನ್ಸಿಡೆಂಟ್ ಬೇರೆ, ಪ್ರಾಬ್ಲಂ ಬೇರೆ ಎಂಬ ಮಾತು ಉಂಟಲ್ಲ, ಇದೇ ಅದು. ಕೆಟ್ಟದ್ದನ್ನು ಎಬ್ಬಿಸಿ ಕೂರಿಸುವವರು ಬೇಕಾದಷ್ಟು ಸಿಗುತ್ತಾರೆ. ಯಾಕೆ ಕೆಟ್ಟಿತು ಎಂದು ಹುಡುಕುವವರು ಸಪೋರ್ಟಿನ ಮೊದಲ ಹಂತ ಎಲ್-1ರಿಂದ ಮೇಲಿನ ಹಂತ ಎಲ್-2ಗೆ ಹೋಗುತ್ತಾರೆ. ಒಂದು ನೋಟ್‌ಬುಕ್ ಇಡು. ಏನಾಗಿತ್ತು, ಏನು ನೋಡಿದೆ, ಏನು ಮಾಡಿದೆ, ಇಷ್ಟು ಬರೆ. ಟಿಕೆಟಿನಲ್ಲಿ "ಇಶ್ಯೂ ರಿಸಾಲ್ವ್ಡ್" ಎಂದು ಮಾತ್ರ ಬರೆದು ಬಿಡಬೇಡ. ಆರು ತಿಂಗಳ ನಂತರ ಅದನ್ನು ಓದುವವಳು ನೀನೇ ಆಗಿರಬಹುದು.

ಇನ್ನು ಕೋಡ್ ಬರೆಯುವವರ ವಿಷಯ. ಅವರು ಚೆನ್ನಾಗಿರಲಿ. ಆದರೆ 2024ರ ಜುಲೈ 19 ನೆನಪು ಮಾಡಿಕೋ. ನಾವಿಬ್ಬರೂ ಟಿವಿಯಲ್ಲಿ ನೋಡಿದೆವು, ನಮ್ಮ ದೇಶದ ವಿಮಾನ ನಿಲ್ದಾಣದಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್, ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಯಲ್ಲಿ ನಿಂತವು. ಕಂಪನಿ ಸರಿ ಫೈಲು ಬೇಗನೆ ಬಿಟ್ಟಿತು. ಆದರೆ ಬೂಟ್ ಆಗದ ಕಂಪ್ಯೂಟರಿಗೆ ಅದು ತಲುಪುವುದು ಹೇಗೆ? ಎಷ್ಟೋ ಕಡೆ ಒಬ್ಬೊಬ್ಬರು ಪ್ರತಿ ಕಂಪ್ಯೂಟರಿನ ಎದುರು ಕೂತು, ಸೇಫ್ ಮೋಡಿಗೆ ಹೋಗಿ, ಆ ಫೈಲು ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದ ಕಡೆ 48 ಅಂಕೆಯ ಕೀ ಬೇರೆ ಹೊಡೆಯಬೇಕು. ಅವತ್ತು ಹಾಗೆ ಕೂತವರು ನಿನ್ನಂಥವರು. ನಿನ್ನ ಕೆಲಸಕ್ಕೆ ಬೆಲೆ ಇಲ್ಲ ಎಂದು ನೀನು ಹೇಳಿದಾಗ ನನಗೆ ಸಿಟ್ಟು ಬಂದದ್ದು ಅದಕ್ಕೆ.

ಈ ಕೆಲಸದಲ್ಲೇ ನಿವೃತ್ತಿ ಆಗು ಎಂದು ನಾನು ಹೇಳುವುದಿಲ್ಲ. ಹೋಗು, ಆದರೆ ಏನಾದರೂ ಕಲಿತು ಹೋಗು. ಒಂದೇ ಕಟ್ಟಡದಲ್ಲಿ ನಿನಗೆ ನೆಟ್‌ವರ್ಕ್ ಸಿಗುತ್ತದೆ, ಸರ್ವರ್ ಸಿಗುತ್ತದೆ, ಎಲ್ಲರ ಲಾಗಿನ್ ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿ ಸಿಗುತ್ತದೆ, ಎಲ್ಲಕ್ಕಿಂತ ಜಾಸ್ತಿ ಜನ ಸಿಗುತ್ತಾರೆ. ಇವುಗಳಲ್ಲಿ ಯಾವುದು ನಿನಗೆ ಹಿಡಿಸುತ್ತದೆ ನೋಡು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಾವ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಇದೆ, ಯಾವುದು ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲ ಎಂದು ವಾರ್ಡ್ ವಾರ್ಡ್ ಸುತ್ತಿ ಪಟ್ಟಿ ಮಾಡಿದವಳು ನೀನು. ಅದನ್ನು ರೆಸ್ಯೂಮೆಯಲ್ಲಿ ಬರೆ. ಎಷ್ಟು ಸಿಸ್ಟಂ, ಎಷ್ಟು ಬದಲಾಯಿಸಿದ್ದು, ಡೇಟಾ ಹೇಗೆ ಉಳಿಸಿದ್ದು, ಎಲ್ಲ. ಒಂದೊಂದೇ ಕಂಪ್ಯೂಟರಿಗೆ ಹೋಗಿ ಮಾಡುವುದನ್ನು ಕೂತಲ್ಲಿಂದಲೇ ಮಾಡಲು, ವಿಂಡೋಸಿಗೆ ಆಜ್ಞೆ ಬರೆಯುವ ಪವರ್‌ಶೆಲ್ ಕಲಿ. ಅದೂ ಕೋಡೇ ಅಲ್ವಾ?

ಪರೀಕ್ಷೆಗಳ ಬಗ್ಗೆ ನೀನೇ ಹೇಳಿದ್ದೆ. ಸಪೋರ್ಟ್ ಕೆಲಸದ ಪರೀಕ್ಷೆ ಕಾಂಪ್‌ಟಿಯಾ ಎ-ಪ್ಲಸ್‌ಗೆ ಎರಡು ಪೇಪರ್, ಎರಡೂ ಪಾಸಾಗಬೇಕು, ಸರ್ಟಿಫಿಕೇಟ್ ಮೂರು ವರ್ಷಕ್ಕೆ. ಮೈಕ್ರೋಸಾಫ್ಟ್‌ನ ಎಂಡಿ-102 ಪರೀಕ್ಷೆಯಲ್ಲಿ, ಕಂಪ್ಯೂಟರುಗಳನ್ನು ದೂರದಿಂದಲೇ ನೋಡಿಕೊಳ್ಳುವ ಇಂಟ್ಯೂನ್ ಬರುತ್ತದೆ. ನೆಟ್‌ವರ್ಕ್ ಹಿಡಿಸಿದರೆ ಸಿಸ್ಕೋದ ಸಿಸಿಎನ್‌ಎ ಪರೀಕ್ಷೆ. ಮೂರಕ್ಕೂ ಒಟ್ಟಿಗೆ ಕೈ ಹಾಕಬೇಡ. ಒಂದನ್ನು ಹಿಡಿ, ಮುಗಿಸು.

ಹೇಳುವುದು ಇನ್ನೂ ಉಂಟು. ಕಂಬದಲ್ಲಿ ಟೆಸ್ಟ್ ಫೋನ್ ಸಿಕ್ಕಿಸಿದರೆ ಊರವರ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು. ಮಾತು ಇದೆ ಎಂದು ಗೊತ್ತಾದ ಕೂಡಲೇ ತೆಗೆಯುತ್ತಿದ್ದೆವು. ಒಂದು ಮನೆಯ ಮಾತೂ ಇನ್ನೊಂದು ಮನೆಗೆ ಹೋಗಲಿಲ್ಲ. ನಿನ್ನ ಎದುರು ಈಗ ರೋಗಿಗಳ ರಿಪೋರ್ಟ್ ತೆರೆದಿರುತ್ತದೆ, ಗೊತ್ತಿದ್ದವರದ್ದೂ ಇರಬಹುದು. ಓದಬೇಡ. ಫೋನಿನಲ್ಲಿ ಡಾಕ್ಟರ್ ಮಾತಾಡುವುದು ಎಂದವರಿಗೆಲ್ಲ ಪಾಸ್‌ವರ್ಡ್ ರಿಸೆಟ್ ಮಾಡಿ ಕೊಡಬೇಡ. ಎಷ್ಟೇ ಗಡಿಬಿಡಿ ಮಾಡಲಿ, ಅವರೇ ಹೌದೋ ಎಂದು ತಿರುಗಿ ಅವರ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡು. ತುಲಾ ಸಂಕ್ರಮಣದ ಹೊತ್ತಿನ ಗುಡುಗು ಸಿಡಿಲು ನಿನಗೆ ಗೊತ್ತೇ ಉಂಟು, ಆಗ ಹೊರಗಿನ ಕೇಬಲ್ ಮುಟ್ಟುವುದು ಬೇಡ. ಯುಪಿಎಸ್ ಬಿಚ್ಚುವುದು ನಿನ್ನ ಕೆಲಸ ಅಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆ.

ಆ ಅಮ್ಮನ ಮುಖ ಇವತ್ತೂ ಕಣ್ಣೆದುರು ಬರುತ್ತದೆ. ಅವರು ಬೈದ ದಿನ ನಾನೂ ಮನೆಗೆ ಬಂದು ಈ ಕೆಲಸ ಬೇಡ ಎಂದಿದ್ದೆ. ಅಜ್ಜ ಏನೂ ಹೇಳಲಿಲ್ಲ, ಮರುದಿನ ಬೆಳಿಗ್ಗೆ ಸೈಕಲಿಗೆ ಗಾಳಿ ಹಾಕಿ ಇಟ್ಟಿದ್ದರು. ನನಗೆ ಹಾಗೆ ಸುಮ್ಮನಿರಲು ಬರುವುದಿಲ್ಲ, ಅದಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ. ನೀನು ಬಿಟ್ಟರೆ ಸಂಬಳ ಹೋಗುತ್ತದೆ ಎಂಬ ಹೆದರಿಕೆ ನನಗಿಲ್ಲ. ಯಾರೋ ಕೂಗಿದರು ಎಂದು ಒಂದು ಸಲ ಎದ್ದು ಬಂದರೆ, ಮುಂದೆ ಎಲ್ಲಿಯೇ ಹೋದರೂ ಯಾರಾದರೂ ಕೂಗಿಯಾರು ಎಂದು ಬಾಗಿಲ ಹತ್ತಿರವೇ ಕೂರುತ್ತೀಯೋ ಏನೋ ಎಂಬ ಹೆದರಿಕೆ. ರಾತ್ರಿ ಎಚ್ಚರ ಆದಾಗ ಇದೇ ತಲೆಯಲ್ಲಿ ಸುತ್ತುತ್ತದೆ.

ನಿನಗೆ ಎಂಜಿನಿಯರಿಂಗ್ ಓದಿಸಲು ಆಗಲಿಲ್ಲ ಎಂಬ ಬೇಸರ ನನಗೆ ಇನ್ನೂ ಇದೆ. ವಿಆರ್‌ಎಸ್ ಹಣ ಅಜ್ಜಿಯ ಚಿಕಿತ್ಸೆಗೆ ಹೋಯಿತು. ನೀನು ಒಂದು ದಿನವೂ ಅದನ್ನು ಎತ್ತಲಿಲ್ಲ. ನಿನ್ನೆ ಎಷ್ಟು ಸಿಟ್ಟಿನಲ್ಲಿದ್ದರೂ ಎತ್ತಲಿಲ್ಲ. ಕ್ಷಮಿಸು ಮಗಳೇ.

ನೀನು ಆಸ್ಪತ್ರೆಯ ಅಲ್ಲ, ವೆಂಡರ್ ಕಂಪನಿಯ ಪೇರೋಲಿನಲ್ಲಿ ಇರುವವಳು, ಹಾಗಾಗಿ ಇವತ್ತೇ ನಿನ್ನ ಪಿಎಫ್‌ನ ಯುಎಎನ್ ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ನೋಡು. ಪ್ರತಿ ತಿಂಗಳು ಹಣ ಬಿದ್ದಿದೆಯಾ ಎಂದು ತಿಳಿಸು. ನಿನ್ನ ಸಂಬಳ 21,000ದ ಒಳಗೆ ಇರುವುದರಿಂದ ಇಎಸ್‌ಐ ವಿಮೆ ಕೂಡ ಇರಬೇಕು, ಅದರ ಕಾರ್ಡ್ ಕೇಳು. ಎ-ಪ್ಲಸ್‌ನ ಮೊದಲ ಪೇಪರಿನ ಫೀಸ್ ನಾನು ಕಟ್ಟುತ್ತೇನೆ. ನಿನ್ನ ಅಮ್ಮನಿಗೂ ಹೇಳಿ ಆಗಿದೆ. ತಾರೀಖು ನೋಡಿ ಶನಿವಾರದೊಳಗೆ ಹೇಳು, ಸೋಮವಾರ ನನಗೆ ಬ್ಯಾಂಕಿಗೆ ಹೋಗಲಿಕ್ಕೆ ಉಂಟು.

ನಿನ್ನ
ಪಪ್ಪ