ಹುಟ್ಟುವಾಗಲೇ ಸವೆದಿದ್ದ ಆಲ್ಬಂ

ಪ್ರಿಯ ಚಿನ್ಮಯ,

ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಪೋರ್ಟಿಸ್‌ಹೆಡ್ ಸಂಗೀತ ತಂಡದ ‘ಡಮ್ಮಿ’ ಆಲ್ಬಂ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಮೊದಲ ಪುಟದಲ್ಲೇ ವಿಷಾದ, ಮಬ್ಬು, ಮಾಯೆ, ಕಾಡುವಿಕೆ ಎಲ್ಲವೂ ಬಂದುಹೋದವು. ಯಾವುದೂ ಸುಳ್ಳಲ್ಲ, ಆದರೆ ಈ ಮಾತುಗಳನ್ನು ಯಾವ ನಿಧಾನದ ಹಾಡಿಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ. 1994ರಲ್ಲಿ ಬಂದ ಆಲ್ಬಮ್ಮನ್ನು, ಆಗಿನ್ನೂ ಹುಟ್ಟಿಯೂ ಇರದ ನೀನು ಇವತ್ತು ಯಾಕೆ ಕೇಳುತ್ತಿದ್ದೀಯ? ಅದನ್ನು ಹೇಳು.

ಅವರು ಕೆಲಸ ಮಾಡಿದ ರೀತಿಯಲ್ಲೇ ಉತ್ತರವಿದೆ ಅಂತ ನನಗನ್ನಿಸುತ್ತದೆ. ತಂಡದ ಜೆಫ್ ಬ್ಯಾರೋ ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ನೋಡಿಕೊಳ್ಳುವ ಹುಡುಗನಾಗಿದ್ದವನು. ಅದೇ ಊರಿನ ಮ್ಯಾಸಿವ್ ಅಟ್ಯಾಕ್ ತಂಡ ‘ಬ್ಲೂ ಲೈನ್ಸ್’ ಆಲ್ಬಮ್ಮಿನ ಧ್ವನಿಮುದ್ರಣ ಮಾಡುವಾಗ ಅಲ್ಲೇ ಇದ್ದ. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ತುಣುಕು (ಸ್ಯಾಂಪಲ್) ಕತ್ತರಿಸಿ ಹೊಸ ಹಾಡು ಕಟ್ಟುವುದು ಹಿಪ್‌ಹಾಪ್‌ನವರ ಪದ್ಧತಿ. ‘ಸವರ್ ಟೈಮ್ಸ್’ ಹಾಡಿನಲ್ಲಿ ಸಿನಿಮಾ ಸಂಗೀತಗಾರ ಲಾಲೊ ಶಿಫ್ರಿನ್, ‘ಗ್ಲೋರಿ ಬಾಕ್ಸ್’ನಲ್ಲಿ ಸೋಲ್ ಗಾಯಕ ಐಸಾಕ್ ಹೇಯ್ಸ್ ಬಂದದ್ದು ಹಾಗೆ. ಇಷ್ಟು ನೀನೂ ಬರೆದಿದ್ದೀಯ. ಬಿಟ್ಟದ್ದು ಇದಕ್ಕಿಂತ ದೊಡ್ಡದು. ಅವರು ತಾವೇ ನುಡಿಸಿ ಮುದ್ರಿಸಿಕೊಂಡದ್ದನ್ನು ವಿನೈಲ್ ತಟ್ಟೆಗೆ ಹಾಕಿಸಿ, ಆ ತಟ್ಟೆಗಳನ್ನು ಸ್ಟುಡಿಯೋದ ನೆಲಕ್ಕೆ ಹಾಕಿ ತುಳಿದು, ಸ್ಕೇಟ್‌ಬೋರ್ಡಿನ ಹಾಗೆ ಉಜ್ಜಾಡಿ ಸವೆಸಿದರು. ಚೆನ್ನಾಗಿ ಗೀರು ಬಿದ್ದ ಮೇಲೆ ಅವುಗಳಿಂದಲೇ ಸ್ಯಾಂಪಲ್ ತೆಗೆದರು. ಮೂವತ್ತು ವರ್ಷ ಹಳೆಯದೆಂದು ನಮಗೆ ಕೇಳಿಸುವ ಕರಕರ ಸದ್ದಿನಲ್ಲಿ ಒಂದಷ್ಟು ಆಗಷ್ಟೇ ಹುಟ್ಟಿದ್ದು. (‘ಮಿಸ್ಟೆರಾನ್ಸ್’ ಹಾಡಿನಲ್ಲಿ ಥೆರೆಮಿನ್, ಅಂದರೆ ಕೈ ತಾಗಿಸದೆ ನುಡಿಸುವ ಆ ವಿದ್ಯುತ್ ವಾದ್ಯ, ಇದೆ ಅಂದಿದ್ದೀಯ. ಅದು ಸಿಂಥಸೈಜರ್‌ನಲ್ಲಿ ಮಾಡಿದ ಅನುಕರಣೆ, ತಿದ್ದಿಬಿಡು.)

ತೊಂಬತ್ತರ ದಶಕದ ಎಷ್ಟೋ ಎಲೆಕ್ಟ್ರಾನಿಕ್ ಸಂಗೀತ ಈಗ ಕೇಳಿದರೆ ಯಂತ್ರ ಕೊಂಡ ವರ್ಷವೇ ಗೊತ್ತಾಗಿಬಿಡುತ್ತದೆ. ‘ಡಮ್ಮಿ’ ಬರುವಾಗಲೇ ಸವೆದು ಬಂದದ್ದರಿಂದ ಕಾಲಕ್ಕೆ ಅಲ್ಲಿ ಹೆಚ್ಚಿನ ಕೆಲಸ ಉಳಿದಿರಲಿಲ್ಲ. ಹಾಗಂತ ಸವೆತವೇ ಸಾಲದು. ಅಷ್ಟೇ ಇದ್ದಿದ್ದರೆ ಅದು ಹೊಸ ಮರಕ್ಕೆ ಹಳೆಯ ಬಣ್ಣ ಬಳಿದ ಕುರ್ಚಿಯಾಗುತ್ತಿತ್ತು. ಸುತ್ತಲಿನದೆಲ್ಲ ಮಾಸಿರುವಾಗ ತಂಡದ ಗಾಯಕಿ ಬೆತ್ ಗಿಬ್ಬನ್ಸ್ ಅವರ ದನಿ ಮಾತ್ರ ಕಿವಿಯ ಪಕ್ಕದಲ್ಲೇ, ಈಗಲೇ ಹಾಡಿದಂತಿದೆ. ಈ ಎರಡು ಕಾಲಗಳ ನಡುವಿನ ಅಂತರವೇ ನನ್ನನ್ನು ಮತ್ತೆ ಮತ್ತೆ ಆ ಆಲ್ಬಮ್ಮಿಗೆ ಕರೆದೊಯ್ಯುವುದು. ‘ರೋಡ್ಸ್’ ಹಾಡನ್ನು ಜೋರಾಗಿ ಹಾಕಿ, ಪೆನ್ನು ಹಿಡಿದು ಕೂತು ಕೇಳು. ನಡುಗುವ ಎಲೆಕ್ಟ್ರಿಕ್ ಪಿಯಾನೋ ಒಂದೇ ಎಷ್ಟು ಹೊತ್ತು ಇರುತ್ತದೆ, ದನಿ ಎಲ್ಲಿ ಸೇರುತ್ತದೆ, ಪಿಟೀಲುಗಳನ್ನು ಎಷ್ಟು ತಡೆದು ಬಿಟ್ಟಿದ್ದಾರೆ, ಗುರುತು ಹಾಕಿಕೋ. ಆಮೇಲೆ ‘ವಿಷಾದ’ ಅನ್ನುವ ಪದ ನಿನಗೆ ಬೇಕಾಗುತ್ತದೋ ಇಲ್ಲವೋ ನೋಡು. ಕಾಫಿ ಅಂಗಡಿಯಲ್ಲಿ ಹಿನ್ನೆಲೆಗೆ ಮೆಲ್ಲಗೆ ಹಾಕಿದರೆ ಇದ್ಯಾವುದೂ ಕೇಳಿಸುವುದಿಲ್ಲ.

ಇನ್ನೊಂದು ಕೆಲಸ. ರ‍್ಯಾಪ್ ಹಾಡುವ ಟ್ರಿಕಿ ಕೂಡ ಬ್ರಿಸ್ಟಲ್‌ನವನೇ. 1995ರ ‘ಮ್ಯಾಕ್ಸಿನ್‌ಕ್ವೇ’ ಆಲ್ಬಮ್ಮಿನಲ್ಲಿ ಅವನ ‘ಹೆಲ್ ಈಸ್ ರೌಂಡ್ ದ ಕಾರ್ನರ್’ ಹಾಡು ನಿಂತಿರುವುದೂ ಐಸಾಕ್ ಹೇಯ್ಸ್‌ನ ಅದೇ ತುಣುಕಿನ ಮೇಲೆ. ‘ಗ್ಲೋರಿ ಬಾಕ್ಸ್’ ಜೊತೆಗಿಟ್ಟು ಕೇಳು. ಮೆಟ್ಟಿಲಿಳಿಯುವ ಬೇಸ್ ಎರಡರಲ್ಲೂ ಒಂದೇ. ಒಂದರಲ್ಲಿ ಅದರ ಮೇಲೆ ಹೆಣ್ಣೊಬ್ಬಳು ಬೇಸತ್ತು, ಬೇಡಿ, ಕೊನೆಗೆ ಕೂಗುವಷ್ಟು ಏರುತ್ತಾಳೆ; ಇನ್ನೊಂದರಲ್ಲಿ ಗಂಡಸೊಬ್ಬ ತನ್ನಷ್ಟಕ್ಕೆ ಗೊಣಗುತ್ತಾನೆ. ನಿನ್ನ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ನಡುಭಾಗ ಸಿಗುವುದಿಲ್ಲ. ಈ ಬಗೆಯ ಸಂಗೀತಕ್ಕೆ ಅಂಟಿಸಿದ ಟ್ರಿಪ್ ಹಾಪ್ ಎಂಬ ಹಣೆಪಟ್ಟಿಯ ಇತಿಹಾಸಕ್ಕೆ ನೀನು ಕೊಟ್ಟ ಎರಡು ಪುಟ ತೆಗೆದರೆ ಜಾಗವೂ ಆಗುತ್ತದೆ. ಆ ಹೆಸರು ಬ್ರಿಸ್ಟಲ್‌ನವರಿಗೇ ಅಷ್ಟಾಗಿ ಹಿಡಿಸಿರಲಿಲ್ಲ.

‘ಡಮ್ಮಿ’ ಗೆದ್ದ 1995ರ ಮರ್ಕ್ಯುರಿ ಪ್ರಶಸ್ತಿಯ (ಬ್ರಿಟನ್ನಿನ ವರ್ಷದ ಆಲ್ಬಂ ಪ್ರಶಸ್ತಿ) ಕತೆ ಒಂದೇ ಸಾಲಿಗೆ ಇಳಿಸು. ರಾಕ್ ತಂಡ ಓಯಸಿಸ್ ಸೋತಿತು ಅಂತ ನೀನು ಕುಣಿದಾಡುವುದು ಬೇಡ. ಮತ್ತೆ, ತಂಡದ ಗಿಟಾರ್ ವಾದಕ ಏಡ್ರಿಯನ್ ಅಟ್ಲಿ ಹೆಸರೇ ನಿನ್ನ ಬರಹದಲ್ಲಿಲ್ಲವಲ್ಲ ಮಾರಾಯ! ಬ್ಯಾರೋಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯ, ಜಾಝ್ ನುಡಿಸಿ ಪಳಗಿದ ಕೈ. ‘ಗ್ಲೋರಿ ಬಾಕ್ಸ್’ನ ಆ ಸೀಳುವ ಗಿಟಾರ್ ಅವರದ್ದೇ. ಅವರನ್ನು ಸೇರಿಸಿ ತಿದ್ದಿ ಕಳಿಸು, ಓದುತ್ತೇನೆ.

ನಿನ್ನ,
ರಾಜಣ್ಣ